ಪಡಾಂಗ್ ಮೈದಾನದಲ್ಲಿ ನೇತಾಜಿಯ ಜಾಡು

ದಾವಣಗೆರೆಯಿಂದ ಸಿಂಗಪುರಕ್ಕೆ ಹೊರಟ ನಮ್ಮ ತಂಡದಲ್ಲಿ ಹೆಚ್ಚಿನವರಿಗೆ ಸೆಂಟೋಸಾ ದ್ವೀಪ ನೋಡುವ ಆಸೆಯಿತ್ತು. ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿಗೆ, ಎನ್‌ಸಿಸಿಯಲ್ಲಿರುವ ಅವರ ಮೊಮ್ಮಗಳಿಗೆ ಮತ್ತು ನನಗೆ ಮಾತ್ರ, ಎರಡನೆಯ ಮಹಾಯುದ್ಧದ ನಡುವೆ ಸುಭಾಷ್‌ಚಂದ್ರ ಬೋಸರು ಆಜಾದ್ ಹಿಂದ್ ಫೌಜಿನ ವಂದನೆ ಸ್ವೀಕರಿಸಿದ ಮೈದಾನದಲ್ಲಿ ಒಮ್ಮೆ ನಿಲ್ಲಬೇಕೆಂಬ ಹಂಬಲವಿತ್ತು.

ಬೆಳಗಿನ ಜಾವ ಊರು ಬಿಟ್ಟ ಟಿಟಿಯನ್ನು ಚಿತ್ರದುರ್ಗದ ಬಳಿ ಚಹಾಕ್ಕೆಂದು ನಿಲ್ಲಿಸಿದಾಗ ಕೋಟೆಯ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಒನಕೆ ಓಬವ್ವನ ಕಿಂಡಿಯಿಂದ ಆರಂಭವಾದ ಮಾತು ಫೌಜಿನ ಮಹಿಳಾ ದಳವಾದ ಝಾನ್ಸಿ ರಾಣಿ ರೆಜಿಮೆಂಟಿಗೆ ತಿರುಗಿತು. ಮಲಯದ ರಬ್ಬರ್ ತೋಟಗಳಲ್ಲಿ ಹುಟ್ಟಿ ಬೆಳೆದು, ಭಾರತದ ನೆಲವನ್ನು ಕಣ್ಣಾರೆ ಕಾಣದಿದ್ದ ಎಷ್ಟೋ ತಮಿಳು ಹೆಣ್ಣುಮಕ್ಕಳು ಕ್ಯಾಪ್ಟನ್ ಲಕ್ಷ್ಮಿಯವರ ಮುಂದಾಳತ್ವದಲ್ಲಿ ಬಂದೂಕು ಹಿಡಿದದ್ದನ್ನು ಮೇಷ್ಟ್ರು ಹಿರಿಯೂರು ದಾಟುವವರೆಗೂ ಹೇಳುತ್ತಲೇ ಇದ್ದರು.

ಪಡಾಂಗ್ ಎಂಬುದು ಸಿಂಗಪುರದ ನಡುಮಧ್ಯೆ ಇರುವ ವಿಶಾಲವಾದ ಹಸಿರು ಬಯಲು. ಅದರ ಎದುರಿಗಿರುವ, ಕಂಬಗಳ ಸಾಲಿನ ಹಳೆಯ ಸಿಟಿ ಹಾಲ್ ಈಗ ಚಿತ್ರಕಲಾ ಸಂಗ್ರಹಾಲಯವಾಗಿದೆ. ಬೋಸರು 1943ರ ಫೆಬ್ರವರಿಯಲ್ಲಿ ಜರ್ಮನಿಯ ಕೀಲ್ ಬಂದರಿನಿಂದ ಜಲಾಂತರ್ಗಾಮಿಯಲ್ಲಿ ಹೊರಟು, ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಸಮೀಪದ ಕಡಲಿನಲ್ಲಿ ಜಪಾನಿ ಜಲಾಂತರ್ಗಾಮಿಗೆ ದಾಟಿಕೊಂಡು, ಟೋಕಿಯೊ ಮಾರ್ಗವಾಗಿ ಜುಲೈ 2ರಂದು ಈ ಊರಿಗೆ ಬಂದರು. ಜುಲೈ 5ರಂದು ಇದೇ ಕಟ್ಟಡದ ಮುಂದೆ ಸಾಲುಗಟ್ಟಿ ನಿಂತಿದ್ದ ಸೈನಿಕರಿಗೆ ‘ಚಲೋ ದಿಲ್ಲಿ’ ಎಂಬ ಕರೆ ಕೊಟ್ಟರು. ಮರುದಿನ ಜಪಾನಿನ ಪ್ರಧಾನಿ ತೋಜೊ ಕೂಡ ಇಲ್ಲಿಗೆ ಬಂದು ಪಥಸಂಚಲನ ವೀಕ್ಷಿಸಿದರು. ನನ್ನ ಮನಸ್ಸು ನಿಂತದ್ದು ಆ ಕರೆಗಿಂತ ಹೆಚ್ಚಾಗಿ ಅದೇ ಭಾಷಣದ ಇನ್ನೊಂದು ಮಾತಿನಲ್ಲಿ: ಸದ್ಯಕ್ಕೆ ಹಸಿವು, ಬಾಯಾರಿಕೆ, ಕಷ್ಟಕಾರ್ಪಣ್ಯ, ದಣಿಸುವ ನಡಿಗೆ ಮತ್ತು ಸಾವು, ಇವನ್ನು ಬಿಟ್ಟು ಬೇರೇನನ್ನೂ ಕೊಡಲಾರೆನೆಂದು ಅವರು ತಮ್ಮ ಸೈನಿಕರಿಗೆ ನೇರವಾಗಿ ತಿಳಿಸಿದ್ದರು. ದಂಡಿನ ಮುಂದೆ ನಿಂತ ನಾಯಕ ಹುರುಪು ತುಂಬುವುದು ವಾಡಿಕೆ. ಮುಂದೆ ಬರಲಿರುವ ಸಂಕಟವನ್ನು ಮೊದಲೇ ಹೇಳಿಬಿಡುವ ಎದೆಗಾರಿಕೆ ಅಪರೂಪ.

“ಅಜ್ಜಾ, ಊಟ ಇಲ್ಲ, ನೀರಿಲ್ಲ, ಸಾಯ್ತೀರಿ ಅಂದ್ಮೇಲೂ ಅವರು ಯಾಕೆ ಹೋದ್ರು?” ಎಂದು ಮೊಮ್ಮಗಳು ಕೇಳಿದಳು.

“1942ರ ಫೆಬ್ರವರಿಯಲ್ಲಿ ಬ್ರಿಟಿಷರು ಇಲ್ಲಿ ಶರಣಾದಾಗ ತಮ್ಮ ಸೇನೆಯಲ್ಲಿದ್ದ ಭಾರತೀಯ ಸೈನಿಕರನ್ನ ಫ್ಯಾರರ್ ಪಾರ್ಕಿನಲ್ಲಿ ಜಪಾನಿಯರ ಕೈಗೆ ಒಪ್ಪಿಸಿಬಿಟ್ರು ಕಣವ್ವ. ಅವರಲ್ಲಿ ಕೆಲವರು ದೇಶಕ್ಕಾಗಿ ಫೌಜಿಗೆ ಹೋದ್ರು, ಕೆಲವರು ಸೆರೆಯ ಕಷ್ಟ ತಪ್ಪಲಿ ಅಂತ ಹೋದ್ರು. ಹೋಗದೆ ಉಳಿದೋರೂ ನಮ್ಮೋರೇ,” ಎಂದರು ಮೇಷ್ಟ್ರು.

ಅವರ ಕೊನೆಯ ಮಾತಿನ ತೂಕ ನನಗೆ ತಿಳಿದದ್ದು ಕ್ರಾಂಜಿಯ ಯುದ್ಧ ಸ್ಮಾರಕದಲ್ಲಿ. ಸಮಾಧಿಯೇ ಸಿಗದ 24,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿನ ಗೋಡೆಗಳ ಮೇಲೆ ಕೆತ್ತಲಾಗಿದೆ. ಬ್ರಿಟಿಷ್ ಸೇನೆಯಲ್ಲಿ ದುಡಿದ ಭಾರತೀಯರ ಹೆಸರುಗಳ ಸಾಲುಗಳೇ ಉದ್ದಕ್ಕೂ ಕಾಣುತ್ತವೆ. ಆಜಾದ್ ಹಿಂದ್ ಫೌಜನ್ನು ಗೌರವಿಸುವ ನಾವು ಈ ಗೋಡೆಯ ಮುಂದೆಯೂ ತಲೆಬಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಡಾಂಗ್‌ನಿಂದ ರಸ್ತೆ ದಾಟಿದರೆ ಎಸ್ಪ್ಲನೇಡ್ ಉದ್ಯಾನ. ಮಡಿದ ಸೈನಿಕರ ನೆನಪಿಗಾಗಿ 1945ರ ಜುಲೈ 8ರಂದು ಬೋಸರು ಇಲ್ಲಿ ಅಡಿಗಲ್ಲು ಹಾಕಿದ ಸ್ಮಾರಕದ ಮೇಲೆ ಐಕ್ಯ, ವಿಶ್ವಾಸ, ತ್ಯಾಗ ಎಂಬರ್ಥದ ‘ಇತ್ತೆಹಾದ್, ಇತ್ಮಾದ್, ಕುರ್ಬಾನಿ’ ಎಂಬ ಪದಗಳಿದ್ದವು. ಎರಡು ತಿಂಗಳು ತುಂಬುವಷ್ಟರಲ್ಲಿ ಮರಳಿ ಬಂದ ಬ್ರಿಟಿಷರು ಮೌಂಟ್‌ಬ್ಯಾಟನ್ ಆದೇಶದಂತೆ ಅದನ್ನು ಕೆಡವಿದರು. 1995ರಲ್ಲಿ ಸಿಂಗಪುರ ಸರ್ಕಾರ ಆ ಜಾಗವನ್ನು ಗುರುತಿಸಿ ಫಲಕ ನಿಲ್ಲಿಸಿತು. ತೆರೆದಿಟ್ಟ ಪುಸ್ತಕದ ಆಕಾರದ ಆ ಫಲಕದ ಮುಂದೆ ಹುಡುಗಿ ಎನ್‌ಸಿಸಿಯ ಶಿಸ್ತಿನಲ್ಲಿ ಸೆಲ್ಯೂಟ್ ಹೊಡೆದಳು.

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಮೇಷ್ಟ್ರು ಸೋತ ಫೌಜು ಬರ್ಮಾದಿಂದ ಹಿಮ್ಮೆಟ್ಟಿದ್ದನ್ನು ವಿವರಿಸಿದರು. 1945ರ ಏಪ್ರಿಲ್ 24ರ ರಾತ್ರಿ ಬೋಸರು ರಂಗೂನ್ ಬಿಟ್ಟಾಗ ಝಾನ್ಸಿ ರಾಣಿ ರೆಜಿಮೆಂಟಿನ ಹೆಣ್ಣುಮಕ್ಕಳನ್ನೂ ಕರೆದುಕೊಂಡೇ ಹೊರಟಿದ್ದರು. ಹಗಲೆಲ್ಲ ವಿಮಾನದಾಳಿಯ ಭಯವಿದ್ದುದರಿಂದ ಪಯಣ ಸಾಗುತ್ತಿದ್ದುದು ರಾತ್ರಿ ಹೊತ್ತು. ಸಿತ್ತಾಂಗ್ ನದಿ ದಾಟಿದ ಮೇಲೆ ಮೌಲ್ಮೇನ್ ಕಡೆಗೆ ಕಾಲ್ನಡಿಗೆಯೇ ಗತಿಯಾಯಿತು. ಜಪಾನಿ ಅಧಿಕಾರಿಗಳು ಕಾರು ಹತ್ತಲು ಹೇಳಿದರೂ ಹುಡುಗಿಯರನ್ನು ಬಿಟ್ಟು ಹೋಗಲು ಒಪ್ಪದ ಬೋಸರು ಅವರೊಂದಿಗೇ ನಡೆದರು. ಬೂಟು ಬಿಚ್ಚಿದಾಗ ಅವರ ಪಾದಗಳ ತುಂಬ ಬೊಬ್ಬೆಗಳೆದ್ದಿದ್ದವು. ಜಪಾನಿನ ನೆರವನ್ನು ನೆಚ್ಚಿದ ಅವರ ದಾರಿಯ ಬಗ್ಗೆ ನನಗೆ ಇಂದಿಗೂ ಪ್ರಶ್ನೆಗಳಿವೆ. ಆದರೂ ಗೆಲುವಿನ ನಿರೀಕ್ಷೆಯಲ್ಲಿ ಪಡಾಂಗ್‌ನಲ್ಲಿ ಸ್ವೀಕರಿಸಿದ ವಂದನೆಗಿಂತ, ಸೋತು ಮರಳುವಾಗ ನಡೆದ ಆ ದಾರಿಯೇ ಅವರನ್ನು ಸೈನಿಕರ ನಾಯಕನನ್ನಾಗಿ ಮಾಡಿತೆಂದು ನಾನು ನಂಬುತ್ತೇನೆ.

ಊರಿಗೆ ಮರಳುವ ಮೊದಲೇ ಮೇಷ್ಟ್ರು ಮುಂದಿನ ಪ್ರವಾಸವನ್ನು ಗೊತ್ತುಮಾಡಿಬಿಟ್ಟರು: 1944ರ ಏಪ್ರಿಲ್ 14ರಂದು ಫೌಜಿನ ಬಾವುಟ ಹಾರಿದ ಮಣಿಪುರದ ಮೊಯಿರಾಂಗ್. ಅಲ್ಲಿನ ಆಜಾದ್ ಹಿಂದ್ ಫೌಜಿನ ವಸ್ತುಸಂಗ್ರಹಾಲಯ ನೋಡಲು ಈ ಸಲ ಹುಡುಗಿಯ ಎನ್‌ಸಿಸಿ ಗೆಳತಿಯರೂ ಬರಲಿದ್ದಾರೆ.