ಗಪ್ಪಿ ಲೈನ್ ಅಪ್ಡೇಟ್: ಬಾಲ ಸೆಟ್ ಆಯ್ತು, ಬೆನ್ನು ಕೈಕೊಡ್ತಿದೆ

ನಾನು ಸಾಕ್ತಿರೋ ಗಪ್ಪಿ ಮೀನುಗಳಲ್ಲಿ ಎ ಲೈನ್‌ನ (ಒಂದು ವಂಶ) ಹೊಸ ಬ್ಯಾಚಿಗೆ ಬಣ್ಣ ಬಂತು. ಹೆಚ್ಚುಕಮ್ಮಿ ಎಲ್ಲಾ ಗಂಡುಗಳ ಬಾಲನೂ ಒಂದೇ ಥರ ಅಗಲ, ಕೆಂಪು ಅಂಚಿನ ತನಕ ಹೋಗಿದೆ, ಶುರುನಲ್ಲಿ ಒಂದೊಂದು ಒಂದೊಂದು ಥರ ಇತ್ತಲ್ಲ, ಅದನ್ನ ನೋಡಿದ್ರೆ ಒಡಹುಟ್ಟಿದವನ್ನೇ ಜೋಡಿ ಮಾಡಿದ್ದು ವರ್ಕ್ ಆಗಿದೆ. ಇನ್‌ಬ್ರೀಡಿಂಗ್‌ನ ಲಾಭ ಇದೇ, ಅಪ್ಪ ಅಮ್ಮ ಇಬ್ರಿಂದಲೂ ಒಂದೇ ಜೀನ್ ಬರೋ ಚಾನ್ಸ್ ಏರ್ತಾ ಹೋಗುತ್ತೆ, ಮರಿ ಹೇಗಿರುತ್ತೆ ಅಂತ ಮೊದಲೇ ಹೇಳ್ಬಹುದು. ಲ್ಯಾಬ್ ಇಲಿಗಳನ್ನ 20 ತಲೆಮಾರು ಹೀಗೇ ಕೂಡಿಸಿದ ಮೇಲೇನೇ ಇನ್‌ಬ್ರೆಡ್ ಸ್ಟ್ರೇನ್ (ಜೀನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರೋ ತಳಿ) ಅನ್ನೋದು.

ಲೆಕ್ಕ ಮಾತ್ರ ಭಯ ಹುಟ್ಸುತ್ತೆ. ಮೊದಲ ಜೋಡಿ ಸಂಬಂಧ ಇಲ್ಲದ್ದು ಅಂದ್ಕೊಂಡ್ರೂ ಒಡಹುಟ್ಟಿದವುಗಳ ಮರಿಗೆ ಇನ್‌ಬ್ರೀಡಿಂಗ್ ಕೋಎಫಿಶಿಯೆಂಟ್ (ಒಂದು ಜೀನಿನ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರೋ ಚಾನ್ಸ್) 25%, ಅದರ ಮುಂದಿನದಕ್ಕೆ 37.5%, ಆಮೇಲೆ 50%.

ಈ ಸಲ ತೊಟ್ಟೀನ ಮೇಲಿಂದ ನೋಡಿದಾಗ ಕೆಲವು ಮರಿಗಳ ಬೆನ್ನು ಹಾವಿನ ಥರ ಸೊಟ್ಟ, ಈಜೋವಾಗ ಹಿಂಭಾಗ ಕೆಳಗೆ ಜಗ್ಗುತ್ತೆ. ಬೆನ್ನು ಸೊಟ್ಟ ಆಗೋಕೆ ರೋಗ, ಊಟನೂ ಕಾರಣ ಇರ್ಬಹುದು, ಆದ್ರೆ ಅದೇ ನೀರು ಅದೇ ಫುಡ್ಡಲ್ಲಿರೋ ನನ್ನ ಇನ್ನೊಂದು ವಂಶ ಬಿ ಲೈನಲ್ಲಿ ಒಂದೂ ಇಲ್ಲ, ಹಾಗಾಗಿ ಜೀನ್ ಮೇಲೇ ಡೌಟು. ಇನ್‌ಬ್ರೀಡಿಂಗ್ ಹೊಸದಾಗಿ ಕೆಟ್ಟ ಜೀನ್ ಹುಟ್ಸಲ್ಲ, ಒಳಗೆ ಅಡಗಿದ್ದ ರಿಸೆಸಿವ್‌ಗಳನ್ನ (ಅಪ್ಪ ಅಮ್ಮ ಇಬ್ರಿಂದಲೂ ಬಂದ್ರೆ ಮಾತ್ರ ಕಾಣಿಸೋ ಜೀನ್) ಹೊರಗೆ ಎಳೆಯುತ್ತೆ ಅಷ್ಟೇ.

'ಸೊಟ್ಟವನ್ನ ತೆಗೀತಾ ಹೋಗು, ಲೈನ್ ತಾನೇ ಕ್ಲೀನ್ ಆಗುತ್ತೆ' ಅಂತಾರೆ. ಅರ್ಧ ನಿಜ. ಮರೀನೇ ಸಾಯಿಸೋ ಅಂಥ ಜೀನ್ ಹಂಗೆ ಹೋಗುತ್ತೆ, ಆದ್ರೆ ಸ್ವಲ್ಪ ಸ್ವಲ್ಪ ತೊಂದ್ರೆ ಕೊಡೋವು (ಮರಿ ಕಮ್ಮಿ, ಬೆಳವಣಿಗೆ ನಿಧಾನ) ಸಣ್ಣ ಗುಂಪಲ್ಲಿ ಸದ್ದಿಲ್ದೆ ಫಿಕ್ಸ್ ಆಗ್ಬಿಡ್ತವೆ, ಎಲ್ಲಾ ಮೀನಲ್ಲೂ ಅದೇ ಇದ್ಮೇಲೆ ಆರಿಸೋಕೆ ಏನಿದೆ?

ಹೊರಗಿನ ರಕ್ತ ತರ್ಬೇಕು, ಆದ್ರೆ ಒಂದೇ ಗಂಡಿಂದಲ್ಲ. ಅಮೆರಿಕದ ಐಲ್ ರಾಯಲ್ ದ್ವೀಪಕ್ಕೆ 1997ರಲ್ಲಿ ಕೆನಡಾ ಕಡೆಯಿಂದ ಮಂಜುಗಡ್ಡೆ ಮೇಲೆ ಒಂದು ಗಂಡು ತೋಳ ಬಂತು, ಮೊದಲು ಒಳ್ಳೇದೇ ಆಯ್ತು, ಆಮೇಲೆ ಎಲ್ಲವೂ ಅದರ ಸಂತಾನವೇ ಆಗಿ ಮತ್ತೆ ಅದೇ ಇನ್‌ಬ್ರೀಡಿಂಗ್ ಕಥೆ, 2018ರ ಹೊತ್ತಿಗೆ ಉಳಿದಿದ್ದು ಎರಡೇ ತೋಳ.

ಸೋ ಬಿ ಲೈನ್‌ನ ಬೇರೆ ಬೇರೆ ಗಂಡುಗಳನ್ನ ಎ ಹೆಣ್ಣುಗಳಿಗೆ ಬಿಡ್ತೀನಿ. ಹೆಣ್ಣು ಮರಿಗಳನ್ನ ಈಗ್ಲೇ ಬೇರೆ ಮಾಡಿದೀನಿ, ಗಪ್ಪಿ ಹೆಣ್ಣು ವೀರ್ಯನ ತಿಂಗಳುಗಟ್ಲೆ ಇಟ್ಕೊಳುತ್ತೆ, ಒಂದ್ಸಲ ಕೂಡಿದ್ರೆ ಅಪ್ಪ ಯಾರು ಅಂತಾನೇ ಗೊತ್ತಾಗಲ್ಲ. ಮೊದಲ ಕ್ರಾಸಲ್ಲಿ ಬಾಲ ಮತ್ತೆ ಅಡ್ಡಾದಿಡ್ಡಿ ಬರುತ್ತೆ ಅನ್ಸುತ್ತೆ. ಬರ್ಲಿ, ಬೆನ್ನು ನೆಟ್ಟಗಿದ್ರೆ ಸಾಕು.