ದೇಮ ಯಾವತ್ತು ಬಿಟ್ಟು ಹೋದ?

ಅಪೊಸ್ತಲ ಪೌಲನ ಜೊತೆಗಿದ್ದ ದೇಮನ ಬಗ್ಗೆ ಸತ್ಯವೇದದಲ್ಲಿ ಇರುವುದು ಮೂರೇ ಮಾತು, ಮೂರೂ ಪೌಲನ ಪತ್ರಿಕೆಗಳಲ್ಲಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ, ವಂದನೆ ಹೇಳುವವರ ಸಾಲಿನಲ್ಲಿ, ವೈದ್ಯನಾದ ಲೂಕನ ಪಕ್ಕದಲ್ಲೇ ಅವನ ಹೆಸರಿದೆ. ಫಿಲೆಮೋನನಿಗೆ ಬರೆದದ್ದರಲ್ಲಿ ಪೌಲ ಅವನನ್ನು ಮಾರ್ಕ, ಅರಿಸ್ತಾರ್ಕ, ಲೂಕರ ಜೊತೆ ಸೇರಿಸಿ ತನ್ನ ಜೊತೆಕೆಲಸದವನು ಎಂದು ಕರೆಯುತ್ತಾನೆ. ಮೂರನೆಯದು ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿದೆ. ದೇಮ ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೋನಿಕಕ್ಕೆ ಹೊರಟುಹೋದ, ಅಂತ.

ಸಂಡೇ ಸ್ಕೂಲಿನಲ್ಲಿ ಈ ಮೂರು ವಚನಗಳನ್ನು ಒಂದರ ಕೆಳಗೊಂದು ಬೋರ್ಡಿನ ಮೇಲೆ ಬರೆದಿದ್ದೆ. ದೊಡ್ಡ ಮಕ್ಕಳ ತರಗತಿ ಅದು. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ ಕೇಳಿದ: “ಎರಡನೇದಕ್ಕೂ ಮೂರನೇದಕ್ಕೂ ಮಧ್ಯೆ ಏನಾಯ್ತು ಟೀಚರ್? ಅವನು ಯಾವತ್ತು ಬಿಟ್ಟ?”

ಆ ಪ್ರಶ್ನೆ ಇನ್ನೂ ನನ್ನ ಜೊತೆಗಿದೆ. ಸತ್ಯವೇದ ಉತ್ತರ ಕೊಡುವುದಿಲ್ಲ. ಅವನು ಯೇಸುವನ್ನು ಎಲ್ಲರೆದುರು ನಿರಾಕರಿಸಿದ ಎಂದಿಲ್ಲ, ಯಾವುದೋ ದೊಡ್ಡ ಪಾಪದಲ್ಲಿ ಬಿದ್ದ ಎಂದೂ ಇಲ್ಲ. ನನಗೆ ಅನ್ನಿಸುವುದು ಇಷ್ಟು: ಬಿಟ್ಟ ದಿನ ಯಾವುದೆಂದು ದೇಮನನ್ನೇ ಕೇಳಿದ್ದರೂ ಅವನಿಗೆ ಹೇಳಲು ಬರುತ್ತಿರಲಿಲ್ಲ. ಥೆಸಲೋನಿಕದ ದಾರಿ ಹಿಡಿಯುವ ಹೊತ್ತಿಗೆ ಅವನ ಮನಸ್ಸು ಅಲ್ಲಿಗೆ ಹೋಗಿ ಎಷ್ಟೋ ಕಾಲವಾಗಿರಬೇಕು.

ಹಾಗೆ ಅನ್ನಿಸಲು ಕಾರಣ ಇಬ್ರಿಯರಿಗೆ ಬರೆದ ಪತ್ರಿಕೆ. ಆ ಪತ್ರಿಕೆಯನ್ನು ಓದಿಸಿಕೊಂಡ ಜನ ಹೇಡಿಗಳಲ್ಲ. ಹತ್ತನೆಯ ಅಧ್ಯಾಯ ನೋಡಿ: ನಂಬಿದ ಹೊಸದರಲ್ಲಿ ಅವರು ಬಹಿರಂಗವಾಗಿ ಅವಮಾನ ಪಟ್ಟಿದ್ದರು, ಸೆರೆಯಲ್ಲಿದ್ದವರ ಕಡೆ ನಿಂತಿದ್ದರು, ತಮ್ಮ ಆಸ್ತಿ ಸುಲಿಗೆಯಾದಾಗಲೂ ಸಂತೋಷದಿಂದ ಸಹಿಸಿಕೊಂಡಿದ್ದರು. ಮನೆ ಸೂರೆಹೋದಾಗ ಜಗ್ಗದ ಅದೇ ಜನ ಈಗ ದಣಿದಿದ್ದಾರೆ. ಕೈ ಜೋಲುಬಿದ್ದಿದೆ, ಮೊಣಕಾಲಿನಲ್ಲಿ ಬಲವಿಲ್ಲ. ಕೆಲವರು ಸಭೆಗೆ ಬರುವುದನ್ನೇ ಬಿಟ್ಟಿದ್ದಾರೆ. ಎರಡನೆಯ ಅಧ್ಯಾಯದ ಆರಂಭದಲ್ಲೇ ಎಚ್ಚರಿಕೆ ಇದೆ: ಕೇಳಿದ ಮಾತಿಗೆ ಇನ್ನೂ ಹೆಚ್ಚು ಗಮನ ಕೊಡಿ, ಇಲ್ಲವಾದರೆ ತೇಲಿಹೋದೀರಿ. ಹಿಂಸೆಗೆ ಜಗ್ಗದವರು ಸಾಧಾರಣ ದಿನಗಳ ದಣಿವಿಗೆ ಸೋಲುತ್ತಿದ್ದರು. ತಾಳ್ಮೆಯ ಬಗ್ಗೆ ಮಾತಾಡುವಾಗ ನಾವು ಸಿಂಹದ ಬಾಯಿ, ಬೆಂಕಿ, ಕತ್ತಿ ಎಂದೆಲ್ಲ ಹೇಳುತ್ತೇವೆ. ನಮ್ಮಲ್ಲಿ ಹೆಚ್ಚಿನವರ ಮುಂದೆ ಸಿಂಹ ಬರುವುದಿಲ್ಲ. ಬೇಸರ ಬರುತ್ತದೆ.

ನನಗೂ ಬಂತು. ಅಮ್ಮ ಬಹಳ ಕಾಲ ಹಾಸಿಗೆ ಹಿಡಿದು ತೀರಿಕೊಂಡ ಮೇಲೆ ನನ್ನ ಪ್ರಾರ್ಥನೆ ನಿಂತುಹೋಯಿತು. ದೇವರ ಮೇಲೆ ಕೋಪ ಇತ್ತು ಅಂದರೆ ಸರಿಯಾಗುವುದಿಲ್ಲ. ಕೋಪ ಇದ್ದಿದ್ದರೆ ಕನಿಷ್ಠ ಮಾತಾದರೂ ಇರುತ್ತಿತ್ತು. ಮೊಣಕಾಲೂರಿದರೆ ಗೋಡೆಯ ಸುಣ್ಣ ಕಾಣುತ್ತಿತ್ತು, ಕೈಗಡಿಯಾರದ ಸದ್ದು ಕೇಳುತ್ತಿತ್ತು, ಅಷ್ಟೇ. ಸಭೆಯಲ್ಲಿ ಎಲ್ಲರೂ ಕೈ ಎತ್ತಿ ಹಾಡುವಾಗ ನನ್ನ ಬಾಯಿಂದ ಸ್ವರ ಹೊರಡುತ್ತಿತ್ತು, ಆದರೆ ಹಾಡುತ್ತಿರುವುದು ನಾನೇ ಎಂದು ಅನ್ನಿಸುತ್ತಿರಲಿಲ್ಲ. ‘ಆನಂದವಾಗಿರಿ’ ಎಂದು ಯಾರಾದರೂ ಭುಜ ತಟ್ಟಿದರೆ ಅಲ್ಲಿಂದ ಎದ್ದು ಹೋಗೋಣ ಅನ್ನಿಸುತ್ತಿತ್ತು.

ಆಗ ನನಗೆ ಕೈಗೆ ಸಿಕ್ಕಿದ್ದು ಎಂಬತ್ತೆಂಟನೆಯ ಕೀರ್ತನೆ. ಸಂಕಟದ ಕೀರ್ತನೆಗಳು ಎಷ್ಟೋ ಇವೆ. ಆದರೆ ಬಹುಪಾಲು ಎಲ್ಲವೂ ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗಿಕೊಳ್ಳುತ್ತವೆ. ಇದು ತಿರುಗುವುದೇ ಇಲ್ಲ. ಗೆಳೆಯರೂ ಬಂಧುಗಳೂ ದೂರವಾದರು, ಉಳಿದದ್ದು ಕತ್ತಲೆಯೊಂದೇ ಎಂಬಲ್ಲಿಗೆ ನಿಂತುಬಿಡುತ್ತದೆ. ಮುಂದಿನ ಸಾಲಿಗಾಗಿ ಕಣ್ಣು ಆಡಿಸಿದರೆ ಎಂಬತ್ತೊಂಬತ್ತನೆಯ ಕೀರ್ತನೆ ಶುರುವಾಗಿರುತ್ತದೆ. ಇಂಥದ್ದು ದೇವರ ವಾಕ್ಯದೊಳಗೆ ಇದೆ ಎಂಬುದೇ ನನಗೆ ದೊಡ್ಡ ಆಸರೆಯಾಯಿತು.

ಅದರ ತಲೆಬರಹವನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಕೋರಹೀಯರ ಹಾಡು, ಎಜ್ರಾಹ್ಯನಾದ ಹೇಮಾನನ ಪದ್ಯ, ಪ್ರಧಾನಗಾಯಕನ ಕೀರ್ತನಸಂಗ್ರಹದಿಂದ ಬಂದದ್ದು. ಅಂದರೆ ಒಬ್ಬ ಮನುಷ್ಯ ಮೂಲೆಯಲ್ಲಿ ಕೂತು ಬರೆದು ಬಚ್ಚಿಟ್ಟ ಅಳು ಅಲ್ಲ ಅದು. ಗಾಯಕರು ಕಲಿತು, ಜನರೆಲ್ಲ ಸೇರಿದ ಕಡೆ ಹಾಡಬೇಕಾದದ್ದು. ಪೂರ್ವಕಾಲವೃತ್ತಾಂತದಲ್ಲಿ ದಾವೀದನು ಆಲಯದ ಸಂಗೀತಕ್ಕೆ ನೇಮಿಸಿದವರಲ್ಲೂ ಒಬ್ಬ ಹೇಮಾನ ಬರುತ್ತಾನೆ, ಸಮುವೇಲನ ಮೊಮ್ಮಗ, ತಾಮ್ರದ ತಾಳ ಬಾರಿಸುವವನು. ಇಬ್ಬರೂ ಒಬ್ಬನೇ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಅದೇನೇ ಇರಲಿ, ಈ ಕೀರ್ತನೆಗಾರ ಕತ್ತಲೆಯಲ್ಲಿದ್ದೂ ಏನು ಮಾಡುತ್ತಾನೆ ನೋಡಿ. ‘ಪ್ರತಿದಿನವೂ ನಿನ್ನನ್ನು ಕೂಗಿದ್ದೇನೆ’ ಎನ್ನುತ್ತಾನೆ, ‘ಬೆಳಿಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ’ ಎನ್ನುತ್ತಾನೆ. ಉತ್ತರ ಬಂತು ಎಂದು ಒಂದೇ ಒಂದು ಕಡೆಯೂ ಹೇಳುವುದಿಲ್ಲ. ಆದರೂ ಮೊದಲ ಸಾಲಿನಲ್ಲಿ ಅವನು ಕರೆಯುವುದು ತನ್ನ ರಕ್ಷಣೆಯ ದೇವರನ್ನೇ. ನಾನು ಅದನ್ನು ಗಟ್ಟಿಯಾಗಿ ಓದತೊಡಗಿದೆ. ನನ್ನ ಸ್ವಂತ ಮಾತು ಇಲ್ಲದಿದ್ದಾಗ ಅವನ ಮಾತನ್ನು ಎರವಲು ತಂದು ದೇವರ ಮುಂದೆ ಇಟ್ಟೆ.

ಬರ್ಮಾಕ್ಕೆ ಸುವಾರ್ತೆ ತೆಗೆದುಕೊಂಡು ಹೋದ ಅಡೋನಿರಾಮ್ ಜಡ್ಸನ್ ಅವರ ಜೀವನವನ್ನು ಸಭೆಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಒಂದು ಭಾಗವನ್ನು ಬಿಟ್ಟುಬಿಡುತ್ತಾರೆ. 1813ರಲ್ಲಿ ರಂಗೂನಿಗೆ ಬಂದಿಳಿದದ್ದು, 1819ರಲ್ಲಿ ಮೊದಲ ಬರ್ಮೀಯನಿಗೆ ದೀಕ್ಷಾಸ್ನಾನ ಕೊಡುವ ತನಕ ಕಾದದ್ದು, 1824ರಲ್ಲಿ ಸೆರೆಗೆ ಬಿದ್ದದ್ದು, ಅನುವಾದದ ಹಸ್ತಪ್ರತಿಯನ್ನು ದಿಂಬಿನೊಳಗೆ ಹೊಲಿದು ಉಳಿಸಿಕೊಂಡದ್ದು, ಇದೆಲ್ಲ ಹೇಳುತ್ತಾರೆ. ಬಿಟ್ಟುಬಿಡುವುದು ಆಮೇಲಿನದ್ದನ್ನು. 1826ರಲ್ಲಿ ಹೆಂಡತಿ ಆ್ಯನ್ ತೀರಿಕೊಂಡರು, ಕೆಲವೇ ತಿಂಗಳಲ್ಲಿ ಪುಟ್ಟ ಮಗಳೂ ಹೋದಳು. ಜಡ್ಸನ್ ಕಾಡಿನಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ಒಬ್ಬರೇ ಇದ್ದರು. ತಮ್ಮ ಸಮಾಧಿಯನ್ನು ತಾವೇ ತೋಡಿ ಅದರ ಪಕ್ಕ ಕೂರುತ್ತಿದ್ದರು. ದೇವರು ನನಗೆ ಮಹಾ ಅಜ್ಞಾತ, ಆತನನ್ನು ನಂಬುತ್ತೇನೆ, ಆದರೆ ಆತ ನನಗೆ ಸಿಗುತ್ತಿಲ್ಲ ಎಂದು ಪತ್ರದಲ್ಲಿ ಬರೆದರು. ಅದೇ ಮನುಷ್ಯ 1834ರಲ್ಲಿ ಬರ್ಮೀ ಭಾಷೆಯ ಸತ್ಯವೇದವನ್ನು ಪೂರ್ತಿ ಅನುವಾದಿಸಿ ಮುಗಿಸಿದರು. ಈ ಭಾಗವನ್ನು ದಯವಿಟ್ಟು ಬಿಡಬೇಡಿ. ದಣಿದವರಿಗೆ ದಿಂಬಿನ ಕಥೆಗಿಂತ ಆ ಪತ್ರವೇ ಹೆಚ್ಚು ಬೇಕು.

ಇನ್ನು ನಮ್ಮ ದೊಡ್ಡಮ್ಮನ ಮಾತು. ಸಭೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುವುದು. ನಾನು ಸಭೆಗೆ ಹೋಗುವುದನ್ನು ತಪ್ಪಿಸತೊಡಗಿದಾಗ ಅವರು ಫೋನ್ ಮಾಡಿದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. “ನಿಂಗೆ ಪ್ರಾರ್ಥನೆ ಬರ್ತಿಲ್ಲ ಅಂತ ಗೊತ್ತು ಮಗಳೇ. ನೀನು ಸುಮ್ನೆ ಬಂದು ನನ್ ಪಕ್ಕ ಕೂತ್ಕೋ. ಪ್ರಾರ್ಥನೆ ನಾನು ಮಾಡ್ತೀನಿ” ಅಂದರು. ಹೋಗಿ ಕೂತೆ. ಅವರು ಮಾಡಿದರು. ಎಷ್ಟೋ ವಾರ ನನ್ನ ಕ್ರೈಸ್ತ ಜೀವಿತ ಅಂದರೆ ಅಷ್ಟೇ ಆಗಿತ್ತು, ಅವರ ಪಕ್ಕದ ಕುರ್ಚಿ.

ಆಮೇಲೆ ಅವರಿಗೆ ನಡೆಯಲು ಆಗದೆ ಮನೆಯಲ್ಲೇ ಉಳಿದಾಗ ನೋಡಲು ಹೋಗಿದ್ದೆ. ದಿಂಬಿನ ಪಕ್ಕ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕ ಇತ್ತು, ರಟ್ಟಿಗೆ ದಾರ ಕಟ್ಟಿ ಪೆನ್ಸಿಲ್ ಸಿಕ್ಕಿಸಿದ್ದರು. ಕನ್ನಡಕ ಕೊಡು ಅಂದರು, ಕೊಡುವಾಗ ಪುಸ್ತಕ ತೆರೆದುಕೊಂಡಿತು. ಎಡಗಡೆ ಹೆಸರುಗಳು, ಬಲಗಡೆ ತಾರೀಖುಗಳು. ಕೆಲವು ಹೆಸರಿನ ಮುಂದೆ ಒಂದೇ ತಾರೀಖು, ಕೆಲವಕ್ಕೆ ಸಾಲು ಸಾಲು. ನನ್ನ ಹೆಸರಿನ ಮುಂದಿದ್ದ ತಾರೀಖುಗಳು ಸಾಲು ಮುಗಿದು ಕೆಳಗಿನ ಅಂಚಿನ ತನಕ ಇಳಿದಿದ್ದವು, ಪೆನ್ಸಿಲಿನ ಗೆರೆ ಬರಬರುತ್ತಾ ಅಂಕುಡೊಂಕಾಗಿತ್ತು, ಅವರ ಕೈ ನಡುಗಲು ಶುರುವಾದ ಮೇಲಿನವು ಅವು. ಕೆಲವು ಹೆಸರುಗಳ ಮುಂದೆ ತಾರೀಖು ಇನ್ನೂ ಮುಂದುವರಿಯುತ್ತಲೇ ಇತ್ತು. ಅವರಲ್ಲಿ ಒಬ್ಬರು ಸಭೆ ಬಿಟ್ಟು ಬಹಳ ವರ್ಷವಾದವರು. ನಾವೆಲ್ಲ ಅವರ ಹೆಸರನ್ನೇ ಮರೆತಿದ್ದೆವು.

ಅವತ್ತು ಲೂಕನ ಇಪ್ಪತ್ತೆರಡನೆಯ ಅಧ್ಯಾಯ ನನಗೆ ಬೇರೆಯಾಗಿ ಕೇಳಿಸಿತು. ಸೀಮೋನನೇ, ನಿಮ್ಮನ್ನು ಗೋಧಿಯಂತೆ ಕೇರಬೇಕೆಂದು ಸೈತಾನ ಅಪ್ಪಣೆ ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗಾಗಿ ಬೇಡಿಕೊಂಡೆನು, ಎನ್ನುತ್ತಾನೆ ಕರ್ತ. ಸೀಮೋನ, ಅಂದರೆ ಪೇತ್ರ, ಆ ಹೊತ್ತಿನಲ್ಲಿ ತನ್ನ ಧೈರ್ಯದ ಬಗ್ಗೆ ಮಾತಾಡುತ್ತಿದ್ದ: ನಿನ್ನ ಜೊತೆ ಸೆರೆಗೂ ಬರುತ್ತೇನೆ, ಸಾವಿಗೂ ಬರುತ್ತೇನೆ. ಆ ಧೈರ್ಯ ಕೋಳಿ ಕೂಗುವ ತನಕವೂ ಉಳಿಯಲಿಲ್ಲ. ಉಳಿದದ್ದು ಆ ಪ್ರಾರ್ಥನೆ. ಇಬ್ರಿಯದ ಏಳನೆಯ ಅಧ್ಯಾಯದ ಪ್ರಕಾರ ಆತ ಈಗಲೂ ಅದನ್ನೇ ಮಾಡುತ್ತಿದ್ದಾನೆ, ನಮಗಾಗಿ ವಿಜ್ಞಾಪನೆ ಮಾಡಲು ಯಾವಾಗಲೂ ಬದುಕಿದ್ದಾನೆ. ನಾನು ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದ ಬೆಳಗುಗಳಲ್ಲೂ ನನ್ನ ಹೆಸರು ತಂದೆಯ ಮುಂದೆ ಹೋಗುತ್ತಿತ್ತು. ದೊಡ್ಡಮ್ಮನ ಬಾಯಲ್ಲೂ ಹೋಗುತ್ತಿತ್ತು.

ನಿಜವಾದ ವಿಶ್ವಾಸಿ ಕೊನೆಗೂ ಬಿದ್ದುಹೋಗಲಾರ ಎಂದು 1618–19ರಲ್ಲಿ ನೆದರ್ಲೆಂಡ್ಸಿನ ಡಾರ್ಟ್‌ನಲ್ಲಿ ಸೇರಿದ ಸಭಾನಾಯಕರ ಕೂಟ ಹೇಳಿತು. ಮುಂದೆ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಒಪ್ಪಲಿಲ್ಲ, ಬಿದ್ದುಹೋಗುವುದು ಸಾಧ್ಯ ಎಂದರು. ಎರಡೂ ಕಡೆಯವರ ಕೈಯಲ್ಲಿ ವಚನಗಳಿವೆ, ಯೋಹಾನ ಹತ್ತು ಒಬ್ಬರಿಗೆ, ಇಬ್ರಿಯ ಆರು ಇನ್ನೊಬ್ಬರಿಗೆ. ನಾನು ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಎರಡೂ ಕಡೆಯವರು ಒಪ್ಪುವ ಒಂದು ವಚನವಿದೆ, ಇಬ್ರಿಯ ಮೂರು ಹದಿಮೂರು: ‘ಈಹೊತ್ತು’ ಎನ್ನುವ ಕಾಲ ಇರುವ ತನಕ ಪ್ರತಿದಿನವೂ ಒಬ್ಬರನ್ನೊಬ್ಬರು ಎಚ್ಚರಿಸಿರಿ. ದೇವರು ತನ್ನವರನ್ನು ಕಾಯುತ್ತಾನೆ, ನಿಜ. ಕಾಯಲು ಆತ ಹೆಚ್ಚಾಗಿ ಬಳಸುವುದು ಮನುಷ್ಯರನ್ನು. ಒಬ್ಬರೇ ತಾಳಿಕೊಳ್ಳುತ್ತೇವೆ ಎಂದು ಹೊರಟವರ ಬಗ್ಗೆ ನನಗೆ ಹೆದರಿಕೆಯಾಗುತ್ತದೆ.

ದೇಮನ ಸುದ್ದಿ ಹೇಳಿದ ಮರುವಚನದಲ್ಲೇ ಪೌಲ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು. ಈ ಮಾರ್ಕ ಯಾರು? ಪೌಲ, ಬಾರ್ನಬರ ಜೊತೆ ಸುವಾರ್ತೆಯ ಪ್ರಯಾಣ ಹೊರಟು, ಪಂಫುಲ್ಯದಲ್ಲಿ ಅರ್ಧಕ್ಕೇ ಬಿಟ್ಟು ಯೆರೂಸಲೇಮಿಗೆ ವಾಪಸು ಹೋದವನು. ಅವನನ್ನು ಮತ್ತೆ ಕರೆದೊಯ್ಯುವ ವಿಷಯಕ್ಕೇ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದ ಆಗಿ ಇಬ್ಬರೂ ಬೇರೆಯಾದರು. ಬೇಡ ಎಂದವನು ಪೌಲ. ಬಾರ್ನಬ ಮಾತ್ರ ಬಿಡಲಿಲ್ಲ, ಮಾರ್ಕನನ್ನು ತನ್ನ ಜೊತೆ ಹಡಗು ಹತ್ತಿಸಿಕೊಂಡು ಸೈಪ್ರಸಿಗೆ ಹೋದ. ಮಾರ್ಕನೂ ಒಮ್ಮೆ ಬಿಟ್ಟವನೇ, ದೇಮನೂ ಬಿಟ್ಟವನೇ. ಮಾರ್ಕನಿಗೆ ಒಬ್ಬ ಬಾರ್ನಬ ಇದ್ದ. ದೇಮನ ಹಿಂದೆ ಥೆಸಲೋನಿಕಕ್ಕೆ ಯಾರಾದರೂ ಹೋದರೋ ಇಲ್ಲವೋ, ಬರೆದಿಲ್ಲ. ಹುಡುಗನಿಗೆ ನಾನು ಕೊಟ್ಟ ಉತ್ತರ ಇದೇ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ದೇಮನೂ ವಾಪಸು ಬಂದಿರಬಹುದಲ್ವಾ?” ಅಂದ. ಬಂದಿರಬಹುದು ಎಂದು ನಾನೂ ಆಸೆಪಡುತ್ತೇನೆ.

ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ದೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಆ ಪ್ರಮಾಣಪತ್ರಗಳಲ್ಲಿ ಕೆಲವು ಈಜಿಪ್ಟಿನಲ್ಲಿ ಪಪೈರಸ್ ಹಾಳೆಗಳ ಮೇಲೆ ಸಿಕ್ಕಿವೆ. ಕ್ರೈಸ್ತರಲ್ಲಿ ಬಹಳ ಜನ ಹೆದರಿ ಬಲಿ ಕೊಟ್ಟರು, ಕೆಲವರು ಬಲಿ ಕೊಡದೆ ಹಣ ಕೊಟ್ಟು ಪತ್ರ ಕೊಂಡುಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರು ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಸೇರಿಸಿಕೊಳ್ಳಲೇಬಾರದು ಎಂದು ರೋಮಿನಲ್ಲಿ ನೊವೇಷಿಯನ್ ಎಂಬ ಪಾದ್ರಿ ಹಟ ಹಿಡಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪಶ್ಚಾತ್ತಾಪವನ್ನು ನೋಡಿ, ಕಾಲ ತೆಗೆದುಕೊಂಡು, ಒಬ್ಬೊಬ್ಬರನ್ನಾಗಿ ಸೇರಿಸಿಕೊಳ್ಳುವ ಪರವಾಗಿದ್ದರು. ಸ್ವಲ್ಪ ಕಾಲದಲ್ಲೇ ಇನ್ನೊಂದು ಹಿಂಸೆಯ ಸೂಚನೆ ಕಂಡಾಗ ಅವರೂ ಜೊತೆಯ ಬಿಷಪರೂ ಪಶ್ಚಾತ್ತಾಪಪಟ್ಟು ಕಾದಿದ್ದವರಿಗೆಲ್ಲ ಬೇಗನೆ ಕರ್ತನ ಭೋಜನ ಕೊಡಲು ತೀರ್ಮಾನಿಸಿದರು. ಕ್ರಿಸ್ತನಿಗಾಗಿ ರಕ್ತ ಸುರಿಸಿ ಎಂದು ಹೇಳುವವರು ಅವರಿಗೆ ಕ್ರಿಸ್ತನ ರಕ್ತದ ಪಾತ್ರೆಯನ್ನೇ ಕೊಡದಿದ್ದರೆ ಹೇಗೆ ಎಂಬುದು ಅವರ ವಾದ. ಒಮ್ಮೆ ಸೋತವರನ್ನು ಮುಂದಿನ ಹೋರಾಟಕ್ಕೆ ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. 258ರಲ್ಲಿ ಸಿಪ್ರಿಯನ್ನರೂ ಕತ್ತಿಗೆ ತಲೆಕೊಟ್ಟರು.

ನನ್ನ ಪ್ರಾರ್ಥನೆ ಮೆಲ್ಲನೆ ತಿರುಗಿ ಬಂತು. ಯಾವತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಈಗಲೂ ಒಣಗಿದ ದಿನಗಳು ಇವೆ, ಅಂಥ ದಿನ ಕೀರ್ತನೆಯೊಂದನ್ನು ಗಟ್ಟಿಯಾಗಿ ಓದಿ ಏಳುತ್ತೇನೆ, ಮುಂದಿನ ಕೆಲಸಕ್ಕೆ ಹೋಗುತ್ತೇನೆ. ದೊಡ್ಡಮ್ಮ ಈಗ ಕರ್ತನ ಸನ್ನಿಧಿಯಲ್ಲಿದ್ದಾರೆ. ಅವರ ಪುಸ್ತಕದಲ್ಲಿ ತಾರೀಖು ಮುಂದುವರಿಯುತ್ತಿದ್ದ ಹೆಸರುಗಳನ್ನು ನಾನು ನನ್ನ ಪುಸ್ತಕಕ್ಕೆ ಇಳಿಸಿಕೊಂಡಿದ್ದೇನೆ, ಬೆಳಿಗ್ಗೆ ಓದುತ್ತೇನೆ. ಸಭೆ ಬಿಟ್ಟು ಬಹಳ ವರ್ಷವಾದ ಆ ಒಬ್ಬರಿಗೆ ಕಳೆದ ತಿಂಗಳು ಫೋನ್ ಮಾಡಿದೆ. ಮಾತು ಉದ್ದ ಬೆಳೆಯಲಿಲ್ಲ, ಮತ್ತೆ ಮಾಡಬೇಡಿ ಎಂದೂ ಅವರು ಹೇಳಲಿಲ್ಲ. ಮತ್ತೆ ಮಾಡುತ್ತೇನೆ.

ಇದನ್ನು ಓದುತ್ತಿರುವ ನಿಮಗೂ ಪ್ರಾರ್ಥನೆ ಬರುತ್ತಿಲ್ಲ ಎಂದಾದರೆ ನನಗೆ ಹೆಸರು ಬರೆದು ಕಳಿಸಿ. ಕಾರಣ ಬರೆಯಬೇಕಾಗಿಲ್ಲ. ಪುಸ್ತಕದಲ್ಲಿ ಜಾಗ ಇದೆ.