ಕಲಬುರಗಿ ಬಿಸಿಲಿನಲ್ಲಿ ರಾಕ್ ಎಲ್‌ಪಿಗಳು

ಹಳೇ ರಾಕ್ ಸಂಗೀತದ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳುವಾಗ ಕವರಿನ ಅಂದ ಆಮೇಲೆ ನೋಡಿ. ಮೊದಲು ತಟ್ಟೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೀರು ಅಷ್ಟಾಗಿ ಕೇಳಿಸದು. ಉಗುರಿಗೆ ತಡೆಯುವ ಗೀರಾದರೆ ಪ್ರತಿ ಸುತ್ತಿಗೂ, ಅಂದರೆ 1.8 ಸೆಕೆಂಡಿಗೊಮ್ಮೆ, ‘ಟಕ್’ ಅನ್ನುತ್ತದೆ. ಎಷ್ಟು ತೊಳೆದರೂ ಹೋಗದು, ಬಿಟ್ಟುಬಿಡಿ.

ಧೂಳಿಗೆ ಡಿಸ್ಟಿಲ್ಡ್ ವಾಟರ್, ಮೈಕ್ರೋಫೈಬರ್ ಬಟ್ಟೆ. ಹಾಡು ಕೊರೆದ ಗೆರೆಯ ಗುಂಟವೇ ಒರೆಸಿ, ಲೇಬಲ್ ನೆನೆಯದಿರಲಿ. ಬೋರಿನ ನೀರು ಖಂಡಿತ ಬೇಡ: ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಕೂರುತ್ತದೆ.

ಹೊಸ ತಟ್ಟೆಯ ಪ್ಲಾಸ್ಟಿಕ್ ಹೊದಿಕೆ ಬಂದ ದಿನವೇ ತೆಗೆಯಿರಿ. ಸೆಕೆಗೆ ಅದು ಬಿಗಿದು ತಟ್ಟೆಯನ್ನೇ ಬಾಗಿಸುತ್ತದೆ. ನಮ್ಮಲ್ಲಿ ಬ್ಯಾಸಗಿ 40 ಡಿಗ್ರಿ ದಾಟುತ್ತದೆ; ಮುಚ್ಚಿದ ಕಾರಿನಲ್ಲಿ ಅರ್ಧ ಗಂಟೆಯೂ ಬಿಡಬೇಡಿ. ಪಡುವಣ ಗೋಡೆ ಬಿಟ್ಟು, ಒಳಗೋಡೆಯ ಶಹಾಬಾದ್ ಕಲ್ಲಿನ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ.